ಅಪ್‌ಡೇಟ್ ಆದಮೇಲೆ ಪ್ರಿಂಟರ್ ಕೆಟ್ಟಿತೇ?

ಪ್ರಶ್ನೆ: ಕಂಪ್ಯೂಟರ್ ಅಪ್‌ಡೇಟ್ ಆದಾಗಿನಿಂದ ನಮ್ಮ ಪ್ರಿಂಟರ್ ತಲೆಬುಡವಿಲ್ಲದ ಅಕ್ಷರಗಳನ್ನು ಮುದ್ರಿಸುತ್ತಿದೆ. ಏಕೆ?

ಉತ್ತರ: ಪ್ರಿಂಟರ್ ಕೆಟ್ಟಿರುವ ಸಾಧ್ಯತೆ ಕಡಿಮೆ. ನಿಮ್ಮ ಪುಟವನ್ನು ಪ್ರಿಂಟರಿಗೆ ತಿಳಿಯುವ ಆದೇಶಗಳನ್ನಾಗಿ ಮಾಡಿಕೊಡುವ ದುಭಾಷಿಯೇ ಡ್ರೈವರ್ ತಂತ್ರಾಂಶ. ಅಪ್‌ಡೇಟ್‌ನಿಂದ ಡ್ರೈವರಿಗೂ ಪ್ರಿಂಟರಿಗೂ ಇರುವ ಹೊಂದಾಣಿಕೆ ತಪ್ಪಿದರೆ, ಪ್ರಿಂಟರ್ ಆದೇಶಗಳನ್ನೇ ಬರಹವೆಂದು ತಿಳಿದು ಹಾಳೆಗೆ ಇಳಿಸಿಬಿಡುತ್ತದೆ.

2025ರ ಜನವರಿ ಕೊನೆಯಲ್ಲಿ ಬಂದ ವಿಂಡೋಸ್ ಅಪ್‌ಡೇಟ್‌ನಿಂದ ಹೀಗೇ ಆಗಿತ್ತು. ಯುಎಸ್‌ಬಿ ಮೂಲಕ ಎರಡು ಬಗೆಯ ಸಂವಹನ ಬಲ್ಲ ಕೆಲವು ಪ್ರಿಂಟರುಗಳು, ಆನ್ ಮಾಡಿದೊಡನೆ ‘ಪೋಸ್ಟ್ ಐಪಿಪಿ ಪ್ರಿಂಟ್’ ಎಂಬಂಥ ಇಂಗ್ಲಿಷ್ ಸಾಲುಗಳನ್ನು ತಾವಾಗಿಯೇ ಮುದ್ರಿಸತೊಡಗಿದವು. ಅವು ಕಂಪ್ಯೂಟರ್ ಪ್ರಿಂಟರಿಗೆ ಕಳಿಸಿದ ಒಳ ಸಂದೇಶಗಳು. ಮಾರ್ಚ್‌ನಲ್ಲಿ ಮೈಕ್ರೋಸಾಫ್ಟ್ ಇದನ್ನು ಸರಿಪಡಿಸಿತು.

ನಿಮ್ಮದು ಜೆರಾಕ್ಸ್ ಸೌಲಭ್ಯವೂ ಇರುವ ಪ್ರಿಂಟರ್ ಆಗಿದ್ದರೆ, ಕಂಪ್ಯೂಟರ್ ಬಿಟ್ಟು ನೇರವಾಗಿ ಒಂದು ಜೆರಾಕ್ಸ್ ತೆಗೆಯಿರಿ. ಅದು ಸ್ವಚ್ಛವಾಗಿ ಬಂದರೆ ದೋಷ ತಂತ್ರಾಂಶದ್ದೇ ಎನ್ನಬಹುದು. ಆಗ ಬಾಕಿ ಉಳಿದ ಪ್ರಿಂಟ್‌ಗಳನ್ನೆಲ್ಲ ರದ್ದುಮಾಡಿ, ಕಂಪ್ಯೂಟರ್, ಪ್ರಿಂಟರ್ ಎರಡನ್ನೂ ಆಫ್ ಮಾಡಿ ಆನ್ ಮಾಡಿ. ವಿಂಡೋಸ್‌ನ ಹೊಸ ಅಪ್‌ಡೇಟ್ ಬಂದಿದ್ದರೆ ಹಾಕಿಕೊಳ್ಳಿ. ಅದಕ್ಕೂ ಬಗ್ಗದಿದ್ದರೆ ಸೆಟ್ಟಿಂಗ್ಸ್‌ನಲ್ಲಿ ಪ್ರಿಂಟರನ್ನು ತೆಗೆದುಹಾಕಿ, ತಯಾರಕರ ಜಾಲತಾಣದಿಂದ ನಿಮ್ಮ ಮಾಡೆಲ್‌ನ ಡ್ರೈವರನ್ನೇ ಇಳಿಸಿಕೊಂಡು ಮತ್ತೆ ಜೋಡಿಸಿ. ಇಷ್ಟು ಮಾಡಿ ನೋಡದೆ ರಿಪೇರಿಗೆ ದುಡ್ಡು ಸುರಿಯಬೇಡಿ.