ನಮ್ಮ ಪಾಲಿನ ಹಡಗು: ಐಎನ್‌ಎಸ್ ಮೈಸೂರು

ಯಾದಗಿರಿ ಕಡೆಯ ಮುದನಾಳ, ಶಹಾಪುರ, ಸುರಪುರ ಸೀಮೆಯವರಿಗೆ ನೀರೆಂದರೆ ಕೃಷ್ಣೆ, ಭೀಮೆ. ಕಡಲು ಕಂಡವರಲ್ಲಿ ಹೆಚ್ಚಿನವರು ದುಡಿಮೆಗಾಗಿ ಮುಂಬೈಗೆ ಗುಳೆ ಹೋದವರು. ಅದೇ ಮುಂಬೈಯ ಮಜಗಾಂವ್ ಡಾಕ್‌ನಲ್ಲಿ ಕಟ್ಟಿದ ಡಿಸ್ಟ್ರಾಯರ್ ಒಂದು ನಮ್ಮ ರಾಜ್ಯದ ಹಳೆಯ ಹೆಸರು ಹೊತ್ತು 1999ರಿಂದ ದೇಶದ ಕಡಲು ಕಾಯುತ್ತಿದೆ. ಐಎನ್‌ಎಸ್ ಮೈಸೂರು ಎಂದರೆ ಅರಮನೆಯ ಊರಿನ ಹಡಗು ಎಂದುಕೊಂಡು ನಾವು ಸುಮ್ಮನಾಗುವುದು ಸರಿಯಲ್ಲ. ಅದರ ಚರಿತ್ರೆಯಲ್ಲಿ ನಮಗೂ ಪಾಲಿದೆ.

ಹೈದರಾಬಾದ್ ರಾಜ್ಯದಲ್ಲಿದ್ದ ನಮ್ಮ ಸೀಮೆ 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿತು. ವರ್ಷ ತುಂಬುವ ಮೊದಲೇ, 1957ರ ಆಗಸ್ಟ್ 29ರಂದು, ಮೊದಲ ಐಎನ್‌ಎಸ್ ಮೈಸೂರು ನೌಕಾಪಡೆಗೆ ಬಂತು. ಅದು ಡಿಸ್ಟ್ರಾಯರ್ ಅಲ್ಲ, ಕ್ರೂಸರ್. ಬ್ರಿಟಿಷರ ‘ನೈಜೀರಿಯಾ’ ಎಂಬ ಹೆಸರಿನಲ್ಲಿ ಎರಡನೇ ಮಹಾಯುದ್ಧ ಕಂಡ ಹಡಗು. 1942ರ ಆಗಸ್ಟ್‌ನಲ್ಲಿ ಮಾಲ್ಟಾ ದ್ವೀಪಕ್ಕೆ ಸಾಮಗ್ರಿ ಒಯ್ಯುವ ಹಡಗುಗಳಿಗೆ ಕಾವಲಾಗಿ ಹೊರಟಾಗ ಇಟಲಿಯ ಜಲಾಂತರ್ಗಾಮಿಯ ಟಾರ್ಪಿಡೊ ಬಡಿದು ಅದರ 52 ಮಂದಿ ಸತ್ತರು. 1954ರಲ್ಲಿ ಭಾರತ ಅದನ್ನು ಕೊಂಡು, ಇಂಗ್ಲೆಂಡಿನಲ್ಲೇ ರಿಪೇರಿ ಮಾಡಿಸಿ ತಂದಿತು.

ಆ ಹಡಗಿನ ದೊಡ್ಡ ಪರೀಕ್ಷೆ ನಡೆದದ್ದು ಕಾರವಾರದ ಎದುರಿಗೇ. ಅಲ್ಲಿನ ಅಂಜುದೀವಿ ದ್ವೀಪ ಆಗ ಪೋರ್ಚುಗೀಸರ ಕೈಯಲ್ಲಿತ್ತು. 1961ರ ನವೆಂಬರ್‌ನಲ್ಲಿ ಅಲ್ಲಿಂದ ‘ಸಾಬರಮತಿ’ ಎಂಬ ಪ್ರಯಾಣಿಕರ ಹಡಗಿನ ಮೇಲೆ ಗುಂಡು ಹಾರಿತು. ಡಿಸೆಂಬರ್ 18ರಂದು ಮೈಸೂರು ಮತ್ತು ತ್ರಿಶೂಲ್ ಹಡಗುಗಳು ದ್ವೀಪವನ್ನು ಸುತ್ತುವರಿದವು. ನಾವಿಕರ ಮೊದಲ ತಂಡ ದಡ ಹತ್ತಿತು. ಪೋರ್ಚುಗೀಸರು ಬಿಳಿ ಬಾವುಟ ತೋರಿಸಿದರು. ಅದನ್ನು ನಂಬಿ ಮುಂದೆ ಬಂದವರ ಮೇಲೆ ಗುಂಡಿನ ಮಳೆ ಬಿತ್ತು. ನಮ್ಮ ಏಳು ಮಂದಿ ಪ್ರಾಣ ಕೊಟ್ಟರು, ದ್ವೀಪ ನಮ್ಮದಾಯಿತು. ಇಂದು ಕಾರವಾರದ ನೌಕಾನೆಲೆಗೆ ಅಂಜುದೀವಿಯೇ ಆಸರೆ. 1971ರ ಯುದ್ಧದಲ್ಲಿ ಪಶ್ಚಿಮ ನೌಕಾದಳದ ಮುಖ್ಯ ಹಡಗಾಗಿದ್ದ ಮೈಸೂರು 1985ರಲ್ಲಿ ನಿವೃತ್ತಿ ಹೊಂದಿತು.

ಹೆಸರನ್ನು ಮುಂದೆ ಹೊತ್ತ ಹಡಗು ಬೇರೆಯವರು ಬಳಸಿ ಬಿಟ್ಟದ್ದಲ್ಲ, ನಮ್ಮವರೇ ಕಟ್ಟಿದ್ದು. ನೌಕಾಪಡೆಯ ಸ್ವಂತ ವಿನ್ಯಾಸಕಾರರು ರೂಪಿಸಿದ ‘ಪ್ರಾಜೆಕ್ಟ್ 15’ರ ಮೂರು ಡಿಸ್ಟ್ರಾಯರ್‌ಗಳಲ್ಲಿ ದೆಹಲಿ ಮೊದಲನೆಯದು, ಮೈಸೂರು ಎರಡನೆಯದು, ಮುಂಬೈ ಮೂರನೆಯದು. ಮೈಸೂರಿನ ಅಡಿಪಟ್ಟಿ ಇಟ್ಟದ್ದು 1991ರ ಫೆಬ್ರುವರಿಯಲ್ಲಿ. ಅದೇ ವರ್ಷ ಸೋವಿಯತ್ ಒಕ್ಕೂಟ ಒಡೆದು, ಅಲ್ಲಿಂದ ಬರಬೇಕಿದ್ದ ಆಯುಧ, ಯಂತ್ರಗಳು ತಡವಾದವು. 1993ರಲ್ಲಿ ನೀರಿಗಿಳಿದ ಹಡಗು ಸೇವೆಗೆ ಸೇರಿದ್ದು 1999ರ ಜೂನ್ 2ರಂದು, ಕಾರ್ಗಿಲ್‌ನಲ್ಲಿ ಕಾಳಗ ನಡೆದಿದ್ದ ದಿನಗಳಲ್ಲಿ. ಉದ್ದ 163 ಮೀಟರ್, ತೂಕ ಸುಮಾರು 6,700 ಟನ್, ಒಳಗೆ ಸುಮಾರು 350 ಜನ. ಸೇವೆಗೆ ಸೇರಿದಾಗ ಹಡಗುಗಳನ್ನು ಹೊಡೆಯುವ 16 ಕ್ಷಿಪಣಿಗಳು, ಎರಡು ಹೆಲಿಕಾಪ್ಟರ್‌ಗಳು ಅದರ ಬಲವಾಗಿದ್ದವು. ಲಾಂಛನದಲ್ಲಿ ಮೈಸೂರು ಅರಸರ ಗಂಡಭೇರುಂಡವಿದೆ.

2008ರ ಡಿಸೆಂಬರ್ 13. ಕಡಲ್ಗಳ್ಳರಿಂದ ಹಡಗುಗಳನ್ನು ಕಾಯಲು ಮೈಸೂರು ಏಡನ್ ಕೊಲ್ಲಿಯಲ್ಲಿ ಗಸ್ತಿನಲ್ಲಿತ್ತು. ಇಥಿಯೋಪಿಯಾದ ‘ಗಿಬೆ’ ಎಂಬ ಸರಕು ಹಡಗಿನಿಂದ ಕಾಪಾಡಿ ಎಂಬ ಕರೆ ಬಂತು. ದೋಣಿಗಳಲ್ಲಿ ಬಂದವರು ಗುಂಡು ಹಾರಿಸುತ್ತಾ ಅದನ್ನು ಹತ್ತಲು ನೋಡುತ್ತಿದ್ದರು. ಮೈಸೂರಿನ ಹೆಲಿಕಾಪ್ಟರ್ ಮೇಲೇರಿತು, ಕಮಾಂಡೊಗಳು ದೋಣಿ ಇಳಿಸಿ ಹೊರಟರು. ಓಡಲು ನೋಡಿದ ಕಡಲ್ಗಳ್ಳರನ್ನು ಅಡ್ಡಗಟ್ಟಿ 23 ಮಂದಿಯನ್ನು ಹಿಡಿದರು: 12 ಮಂದಿ ಸೊಮಾಲಿಯಾದವರು, 11 ಮಂದಿ ಯೆಮನ್‌ನವರು. ಎಕೆ-47 ಬಂದೂಕುಗಳು, ರಾಕೆಟ್ ಹಾರಿಸುವ ಸಾಧನ ಸಿಕ್ಕವು. ಬಂಧಿತರನ್ನು ಯೆಮನ್‌ಗೆ ಒಪ್ಪಿಸಲಾಯಿತು. 2011ರಲ್ಲಿ ಲಿಬಿಯಾದಲ್ಲಿ ದಂಗೆ ಎದ್ದಾಗ, ಅಲ್ಲಿ ಸಿಲುಕಿದ ಭಾರತೀಯರನ್ನು ಕರೆತರುವ ಕಾರ್ಯಾಚರಣೆಗೂ ಇದೇ ಹಡಗು ನೌಕಾಪಡೆಯ ಇನ್ನೊಂದು ಹಡಗಾದ ಜಲಾಶ್ವದ ಜೊತೆ ಮುಂಬೈ ಬಿಟ್ಟಿತು.

ಈ ಎರಡು ಕೆಲಸಗಳ ಬೆಲೆಯನ್ನು ನಮ್ಮ ಭಾಗದವರು ವಿಶೇಷವಾಗಿ ಬಲ್ಲರು ಎಂದು ನನ್ನ ನಂಬಿಕೆ. ಹೊಟ್ಟೆಪಾಡಿಗೆ ಊರು ಬಿಟ್ಟವರ ಮನೆಯಲ್ಲಿ, ಹೋದವರು ಕ್ಷೇಮವಾಗಿ ಬರಲಿ ಎಂಬ ಆತಂಕ ಏನೆಂದು ಬೇರೆ ಯಾರೂ ಹೇಳಿಕೊಡಬೇಕಿಲ್ಲ. ಪರದೇಶದಲ್ಲಿ ದುಡಿಯುವ ಕೂಲಿಯವನಿಗೂ ಸರಕು ಹಡಗಿನ ಖಲಾಸಿಗೂ ಕಷ್ಟ ಬಂದಾಗ ಯುದ್ಧನೌಕೆಯೊಂದು ಒದಗಿ ಬರುವುದು, ಯುದ್ಧ ಗೆಲ್ಲುವುದಕ್ಕಿಂತ ಕಡಿಮೆಯಾದ ಸೇವೆಯಲ್ಲ.

ಈ ಹಡಗಿನ ಕಥೆ ನಮ್ಮ ಶಾಲೆಗಳಲ್ಲಿ ಕೇಳಿಬರಬೇಕು. ನೌಕಾಪಡೆಯ ಬಾಗಿಲು ನಮ್ಮ ಮಕ್ಕಳಿಗೂ ತೆರೆದಿದೆ. ಒಡಿಶಾದ ಚಿಲಿಕಾ ಸರೋವರದ ದಡದಲ್ಲಿರುವ ನೌಕಾಪಡೆಯ ಕೇಂದ್ರದಲ್ಲಿ ಅಗ್ನಿವೀರ ನಾವಿಕರ ಮೊದಲ ತಂಡ 2023ರ ಮಾರ್ಚ್‌ನಲ್ಲಿ ತರಬೇತಿ ಮುಗಿಸಿ ಹೊರಬಂತು. ಅದರಲ್ಲಿ ಹೆಣ್ಣುಮಕ್ಕಳೂ ಇದ್ದರು. ಸಮುದ್ರ ನೋಡಿಲ್ಲ ಎಂಬುದು ಯಾರಿಗೂ ಅಡ್ಡಿಯಲ್ಲ. ಗಣಿತ, ವಿಜ್ಞಾನ ಚೆನ್ನಾಗಿ ಕಲಿಸಿ, ಅರ್ಜಿ ಹಾಕುವ ದಾರಿ ತೋರಿಸುವ ಮೇಷ್ಟ್ರೊಬ್ಬರು ಸಿಕ್ಕರೆ ಮುದನಾಳದ ಮಕ್ಕಳೂ ಆ ಹಡಗು ಹತ್ತಬಲ್ಲರು.