ಸಣ್ಣ ಖರ್ಚಿನ ಹೊಸತನ: ನಂಜನಗೂಡು, ನರಸೀಪುರ ಸರಕುಗಳ ಲೆಕ್ಕಾಚಾರ

ನಂಜನಗೂಡಿನ ದೊಡ್ಡಜಾತ್ರೆಗೆ ಬಂದ ಕುಟುಂಬವು ಶ್ರೀಕಂಠೇಶ್ವರನ ದರ್ಶನ ಮುಗಿಸಿ ಬೀದಿಗೆ ಇಳಿದಾಗ ಕೊಳ್ಳುವ ಸಾಮಾನುಗಳ ಪಟ್ಟಿ ಬಹುಮಟ್ಟಿಗೆ ಗೊತ್ತಿರುವಂಥದೇ. ಹೆಂಗಸರಿಗೆ ಒಂದು ಡಜನ್ ಗಾಜಿನ ಬಳೆ, ಮನೆಗೆ ಕುಂಕುಮ, ಮಕ್ಕಳಿಗೆ ರಿಬ್ಬನ್ನು, ಅಡುಗೆಮನೆಗೊಂದು ಪಾತ್ರೆ, ಮಲಗಲೊಂದು ಚಾಪೆ, ಊರಿಗೆ ಹೊರಡುವ ಮುನ್ನ ಒಂದೆರಡು ಪೊಟ್ಟಣ ಹಲ್ಲುಪುಡಿ. ಒಟ್ಟು ಖರ್ಚು ದೊಡ್ಡದಲ್ಲ. ಆದರೂ ಮೈ, ಮನೆ, ಉಡುಪು ಮೂರಕ್ಕೂ ಹೊಸ ಕಳೆ ಬಂದಂತಹ ತೃಪ್ತಿ ಆ ಮನೆಗೆ ದೊರೆಯುತ್ತದೆ.

ಅಲ್ಪ ಬೆಲೆಯ, ಪದೇ ಪದೇ ಕೊಳ್ಳುವ ಇಂತಹ ಸರಕುಗಳ ವ್ಯಾಪಾರವೇ ಸಣ್ಣ ಪಟ್ಟಣಗಳ ವರ್ತಕರ ನಿತ್ಯದ ಅನ್ನ. ಈ ವ್ಯಾಪಾರಕ್ಕೆ 2025ರ ಸೆಪ್ಟೆಂಬರ್ 22ರಿಂದ ಜಾರಿಗೆ ಬಂದ ಸರಕು ಮತ್ತು ಸೇವಾ ತೆರಿಗೆಯ ದರ ಪರಿಷ್ಕರಣೆಯು ದೊಡ್ಡ ತಿರುವನ್ನು ಕೊಟ್ಟಿದೆ. ದರ ಇಳಿದಿರುವುದು ಗ್ರಾಹಕರಿಗೆ ಹಿತವೇ ಸರಿ. ಆದರೆ ಈ ಇಳಿಕೆಯು ಸ್ಥಳೀಯ ಸಣ್ಣ ತಯಾರಕರಿಗೆ ತಾನಾಗಿಯೇ ಲಾಭ ತರುವುದಿಲ್ಲ. ಲೆಕ್ಕ ಹಾಕದೆ ಕುಳಿತವರಿಗೆ ನಷ್ಟವನ್ನೂ ತರಬಹುದು ಎಂಬ ಅಂಶವು ಸಾಕಷ್ಟು ಗಮನ ಸೆಳೆದಿಲ್ಲ.

ಹಲ್ಲುಪುಡಿಯ ಪಾಠ

ಕಡಿಮೆ ಬೆಲೆಯ ನಿತ್ಯೋಪಯೋಗಿ ವಸ್ತುವೊಂದು ಊರಿನ ಹೆಸರನ್ನೇ ಹೊತ್ತು ನಾಡೆಲ್ಲ ಸಂಚರಿಸಿದ ನಿದರ್ಶನಕ್ಕೆ ನಂಜನಗೂಡು ಹಲ್ಲುಪುಡಿಗಿಂತ ಬೇರೆ ಬೇಕಿಲ್ಲ. ವೈದ್ಯ ಬಿ.ವಿ. ಪಂಡಿತರು 1913ರಲ್ಲಿ ಸದ್ವೈದ್ಯಶಾಲೆಯನ್ನು ಸ್ಥಾಪಿಸಿದರು. ಬತ್ತ ಬೆಳೆಯುವ ಸೀಮೆಯಲ್ಲಿ ಧಾರಾಳವಾಗಿ ಸಿಗುವ ಹೊಟ್ಟನ್ನು ಸುಟ್ಟು ಮಾಡಿದ ಕರಿಯನ್ನು ಮೂಲವಾಗಿ ಬಳಸಿ ತಯಾರಾದ ಹಲ್ಲುಪುಡಿ, ಪೇಸ್ಟು ಮನೆಮನೆಗೆ ಬರುವ ಮೊದಲೇ ಮೈಸೂರು ಸೀಮೆಯ ಬೆಳಗಿನ ಅಭ್ಯಾಸವಾಗಿ ಹೋಯಿತು. ಕಚ್ಚಾ ವಸ್ತು ಸ್ಥಳೀಯ, ಪೊಟ್ಟಣ ಚಿಕ್ಕದು, ಬೆಲೆ ಕೈಗೆಟಕುವಂಥದು, ತಯಾರಕರ ಹೆಸರು ನಂಬಿಕೆಗೆ ಅರ್ಹವಾದುದು: ಈ ನಾಲ್ಕು ಅಂಶಗಳು ಕೂಡಿ ಬಂದಾಗ ದೊಡ್ಡ ಜಾಹೀರಾತಿನ ನೆರವಿಲ್ಲದೆಯೂ ಒಂದು ಸರಕು ಶತಮಾನ ದಾಟಬಲ್ಲದು.

ಇದೇ ಕಾಲಘಟ್ಟದಲ್ಲಿ ಮೈಸೂರು ಸಂಸ್ಥಾನವೂ ಇಂತಹುದೇ ಹಾದಿ ಹಿಡಿದಿತ್ತು. ಮೊದಲನೆಯ ಮಹಾಯುದ್ಧದಿಂದಾಗಿ ಶ್ರೀಗಂಧದ ಮರದ ರಫ್ತು ಸ್ಥಗಿತಗೊಂಡಾಗ, ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ ಗಂಧದೆಣ್ಣೆಯನ್ನು ಇಲ್ಲಿಯೇ ತೆಗೆಯುವ ಕಾರ್ಖಾನೆಗಳು ಆರಂಭವಾದವು. ಅದರ ಬೆನ್ನಿಗೇ ಮೈಸೂರು ಸ್ಯಾಂಡಲ್ ಸಾಬೂನು ಹುಟ್ಟಿತು. ಮಾರಾಟವಾಗದೆ ಉಳಿದ ಮರವು ಸಾಮಾನ್ಯ ಗೃಹಸ್ಥನ ಸ್ನಾನದ ಮನೆಗೆ ಪರಿಮಳವಾಗಿ ಬಂದಿತು.

ತೆರಿಗೆ ಇಳಿಕೆಯ ಇನ್ನೊಂದು ಮುಖ

2017ರ ಜುಲೈನಲ್ಲಿ ಸರಕು ಮತ್ತು ಸೇವಾ ತೆರಿಗೆ ಜಾರಿಗೆ ಬಂದಾಗ ಹಲ್ಲುಪುಡಿಗೆ ಶೇ. 12, ಟೂತ್‌ಪೇಸ್ಟಿಗೆ ಶೇ. 18 ದರ ನಿಗದಿಯಾಯಿತು. ಈ ಶೇ. 6ರ ಅಂತರವು ಪುಡಿಯ ತಯಾರಕರಿಗೆ ಸದ್ದಿಲ್ಲದ ರಕ್ಷಣೆಯಾಗಿತ್ತು. 2025ರ ಪರಿಷ್ಕರಣೆಯಲ್ಲಿ ಇವೆರಡೂ ಶೇ. 5ರ ವರ್ಗಕ್ಕೆ ಬಂದವು. ಸ್ನಾನದ ಸಾಬೂನಿನ ಬಿಲ್ಲೆ, ತಲೆಗೆ ಹಚ್ಚುವ ಎಣ್ಣೆ, ಶಾಂಪೂ, ಟಾಲ್ಕಂ ಪೌಡರ್, ಟೂತ್ ಬ್ರಷ್ ಮುಂತಾದವು ಸಹ ಶೇ. 18ರಿಂದ ಶೇ. 5ಕ್ಕೆ ಇಳಿದವು.

ಇದರ ಪರಿಣಾಮವನ್ನು ಅಂಕಿಗಳಲ್ಲಿ ನೋಡಬಹುದು. ತೆರಿಗೆ ಸೇರಿ ರೂ. 40ಕ್ಕೆ ಮಾರಾಟವಾಗುತ್ತಿದ್ದ ಹಲ್ಲುಪುಡಿಯ ಪೊಟ್ಟಣದ ಬೆಲೆಯಲ್ಲಿ ತೆರಿಗೆಯ ಇಳಿಕೆಯನ್ನು ಪೂರ್ತಿಯಾಗಿ ಬಿಟ್ಟುಕೊಟ್ಟರೆ ಅದು ರೂ. 37.50 ಆಗುತ್ತದೆ. ಅದೇ ರೂ. 40ರ ಪೇಸ್ಟಿನ ಬೆಲೆ ರೂ. 35.59ಕ್ಕೆ ಇಳಿಯುತ್ತದೆ. ಮೊದಲನೆಯದರ ಇಳಿಕೆ ಶೇ. 6.25, ಎರಡನೆಯದರ ಇಳಿಕೆ ಶೇ. 11. ಎರಡೂ ಅಗ್ಗವಾದವು, ನಿಜ. ಆದರೆ ನಿನ್ನೆಯವರೆಗೆ ಒಂದೇ ಬೆಲೆಯಲ್ಲಿ ಪಕ್ಕಪಕ್ಕದಲ್ಲಿ ಕುಳಿತಿದ್ದ ಎರಡು ಸರಕುಗಳ ನಡುವೆ ಸುಮಾರು ಎರಡು ರೂಪಾಯಿಯ ಅಂತರ ಬಿದ್ದಿತು. ಹೀಗಾಗಿ ಸ್ಥಳೀಯ ಸರಕು ಇನ್ನು ಮುಂದೆ ತೆರಿಗೆಯ ಆಸರೆಯಿಂದ ನಿಲ್ಲಲಾರದು. ಗುಣ ಮತ್ತು ಮಿತವ್ಯಯದ ಬಲದಿಂದಲೇ ನಿಲ್ಲಬೇಕು.

ಈ ಪರಿಷ್ಕರಣೆಯಿಂದ ಒಂದು ಹಳೆಯ ತಗಾದೆಯ ಬಿಸಿಯೂ ತಣ್ಣಗಾಗಿದೆ. ಹಲ್ಲುಪುಡಿಯು ಔಷಧವೋ ಅಥವಾ ನಿತ್ಯದ ಶುಚಿಸಾಧನವೋ ಎಂಬ ಪ್ರಶ್ನೆಯು ಅಬಕಾರಿ ಸುಂಕದ ಕಾಲದಲ್ಲಿ ಸುಪ್ರೀಂ ಕೋರ್ಟಿನವರೆಗೆ ಹೋಗಿತ್ತು. ಬೈದ್ಯನಾಥ್ ಸಂಸ್ಥೆಯ ಕೆಂಪು ದಂತಮಂಜನದ ಪ್ರಕರಣದಲ್ಲಿ 1995ರಲ್ಲಿ ತೀರ್ಪಿತ್ತ ನ್ಯಾಯಾಲಯವು, ಜನಸಾಮಾನ್ಯರು ಅದನ್ನು ಏನೆಂದು ತಿಳಿದು ಕೊಳ್ಳುತ್ತಾರೆ ಎಂಬುದೇ ಮುಖ್ಯವೆಂದು ಹೇಳಿ, ಅದನ್ನು ಔಷಧವೆಂದು ಒಪ್ಪಲಿಲ್ಲ. ಈಗ ಆಯುರ್ವೇದ ಔಷಧಗಳ ದರವೂ ಶೇ. 5ಕ್ಕೆ ಇಳಿದಿರುವುದರಿಂದ ವರ್ಗೀಕರಣದ ವ್ಯಾಜ್ಯಕ್ಕೆ ಹಿಂದಿನ ತೂಕ ಉಳಿದಿಲ್ಲ. ಆದರೆ ನ್ಯಾಯಾಲಯ ಹಿಡಿದ ಸೂತ್ರ ವರ್ತಕರಿಗೂ ಸಲ್ಲುವಂಥದು. ಸರಕಿನ ಸ್ಥಾನವನ್ನು ಕೊನೆಗೆ ನಿರ್ಧರಿಸುವವನು ಕೊಳ್ಳುವವನೇ.

ದಿನಕ್ಕೆ ಎಷ್ಟು ಬಿದ್ದಿತು?

ಅಗ್ಗವೆಂಬುದರಲ್ಲಿ ಎರಡು ಬಗೆ. ಕೊಳ್ಳುವ ದಿನದ ಅಗ್ಗ ಒಂದು, ಬಳಕೆಯ ಅಗ್ಗ ಇನ್ನೊಂದು. ಮೊದಲನೆಯದು ಬೆಲೆಚೀಟಿಯ ಮೇಲೆ ಕಾಣುತ್ತದೆ. ಎರಡನೆಯದನ್ನು ಅಂಗಡಿಯವರು ಬಾಯಿಬಿಟ್ಟು ಹೇಳಬೇಕಾಗುತ್ತದೆ. ಉದಾಹರಣೆಗೆ, ರೂ. 100ರ ಟವೆಲೊಂದು ಆರು ತಿಂಗಳಿಗೆ ಸವೆಯುತ್ತದೆ ಎಂದು ಭಾವಿಸಿದರೆ ಅದರ ದಿನದ ವೆಚ್ಚ ಸುಮಾರು 55 ಪೈಸೆ. ರೂ. 200ರ ಗಟ್ಟಿ ನೇಯ್ಗೆಯ ಟವೆಲು ಎರಡು ವರ್ಷ ಬಾಳಿದರೆ ಅದರ ದಿನದ ವೆಚ್ಚ ಸುಮಾರು 27 ಪೈಸೆ. ಬೆಲೆಯಲ್ಲಿ ದುಪ್ಪಟ್ಟಾದುದು ಬಳಕೆಯಲ್ಲಿ ಅರ್ಧವಾಯಿತು.

ಈ ಲೆಕ್ಕಕ್ಕೆ ಒಪ್ಪುವ ಸರಕು ನಂಜನಗೂಡು ತಾಲ್ಲೂಕಿನಲ್ಲಿಯೇ ಇದೆ. ಗಾಂಧೀಯುಗದಲ್ಲಿ ತಗಡೂರು ರಾಮಚಂದ್ರರಾಯರಂಥವರು ಖಾದಿಯನ್ನು ಬೆಳೆಸಿದ ಸೀಮೆ ಇದು. ಬದನವಾಳಿನ ಖಾದಿ ಕೇಂದ್ರಕ್ಕೆ ಆ ಕಾಲದ ಇತಿಹಾಸವಿದೆ. 2015ರ ಏಪ್ರಿಲ್‌ನಲ್ಲಿ ರಂಗಕರ್ಮಿ ಪ್ರಸನ್ನ ಅವರ ಮುಂದಾಳತ್ವದಲ್ಲಿ ಸುಸ್ಥಿರ ಬದುಕನ್ನು ಕುರಿತ ಸಮಾವೇಶವು ಅಲ್ಲಿ ನಡೆದು, ಕೈಮಗ್ಗದ ವಿಚಾರವನ್ನು ಮತ್ತೆ ನಾಡಿನ ಮುಂದಿಟ್ಟಿತು. ಖಾದಿ ಆಯೋಗ ಹಾಗೂ ಅದರ ಮಾನ್ಯತೆ ಪಡೆದ ಸಂಸ್ಥೆಗಳ ಮೂಲಕ ಮಾರಾಟವಾಗುವ ಖಾದಿ ಬಟ್ಟೆಗೆ ತೆರಿಗೆ ವಿನಾಯಿತಿ ಇದೆ. ಕಿಟಕಿಯ ಪರದೆಗೆ, ದಿಂಬಿನ ಕವಚಕ್ಕೆ, ಮೇಜಿನ ಹಾಸಿಗೆ ಮೀಟರ್ ಲೆಕ್ಕದಲ್ಲಿ ಕೊಂಡ ಬಟ್ಟೆ ಹಾಗೂ ಪಕ್ಕದ ಬೀದಿಯ ದರ್ಜಿಯ ಕೂಲಿ, ಇವೆರಡರಲ್ಲಿ ಮನೆಯ ಚಹರೆಯೇ ಬದಲಾಗುತ್ತದೆ.

ರೇಷ್ಮೆಯ ಊರು, ಹಳೆಯ ಸೀರೆ

ಕಪಿಲೆ ಕಾವೇರಿಯನ್ನು ಕೂಡುವ ಟಿ. ನರಸೀಪುರಕ್ಕೆ ಬಂದರೆ ಸರಕು ಬೇರೆ, ಲೆಕ್ಕ ಅದೇ. ಮೈಸೂರಿನ ರೇಷ್ಮೆ ನೇಯ್ಗೆ ಕಾರ್ಖಾನೆ ಆರಂಭವಾದದ್ದು 1912ರಲ್ಲಿ. ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮ ಸ್ಥಾಪನೆಯಾದದ್ದು 1980ರಲ್ಲಿ. ಮೈಸೂರು ರೇಷ್ಮೆ ಸೀರೆಯ ನೂಲಿಗಾಗಿ ಗೂಡು ಬಿಚ್ಚುವ ಕೆಲಸದಲ್ಲಿ ನರಸೀಪುರದ ಫಿಲೇಚರ್‌ಗೆ ದಶಕಗಳ ಹೆಸರಿದೆ. ಆದರೆ ಹೊಸ ಮೈಸೂರು ರೇಷ್ಮೆ ಸೀರೆಯು ಸಣ್ಣ ಖರ್ಚಿನ ವಸ್ತುವಲ್ಲ. ಸಣ್ಣ ಖರ್ಚಿನ ಅವಕಾಶವಿರುವುದು ಪೆಟ್ಟಿಗೆಯಲ್ಲಿ ಮಡಿಸಿಟ್ಟಿರುವ ಹಳೆಯ ಸೀರೆಯಲ್ಲಿ.

ಹೊಸ ರವಿಕೆಯ ಕಣ, ಫಾಲ್ಸು, ಸೆರಗಿಗೆ ರೇಷ್ಮೆ ಎಳೆಯ ಕುಚ್ಚು, ಜೊತೆಗೊಂದು ಪಾಲಿಶ್: ಇಷ್ಟರಿಂದಲೇ ತಾಯಿಯ ಸೀರೆ ಮಗಳ ಸೀರೆಯಾಗುತ್ತದೆ. ಕುಚ್ಚು ಕಟ್ಟುವ ಕೆಲಸ ಬಹುತೇಕ ಮನೆಯಲ್ಲಿ ಕುಳಿತ ಹೆಂಗಸರ ಕೈಯಲ್ಲಿದೆ. ಜವಳಿ ಅಂಗಡಿಯವರು ಈ ಎಲ್ಲ ಕೆಲಸಗಳನ್ನೂ ಒಂದೇ ಸೂರಿನಡಿ, ನಿಗದಿತ ದರಪಟ್ಟಿಯೊಂದಿಗೆ ಒದಗಿಸಿದರೆ, ಹೊಸ ಸೀರೆ ಮಾರಾಟವಾಗದ ತಿಂಗಳುಗಳಲ್ಲಿಯೂ ಗಲ್ಲಾಪೆಟ್ಟಿಗೆ ಖಾಲಿಯಿರದು. ಸೇವೆಯನ್ನೂ ಒದಗಿಸುವವರಿಗೆ ನೋಂದಣಿಯ ಮಿತಿ ವಾರ್ಷಿಕ ವಹಿವಾಟು ರೂ. 20 ಲಕ್ಷ, ಸರಕನ್ನು ಮಾತ್ರ ಮಾರುವವರಿಗೆ ಕರ್ನಾಟಕದಲ್ಲಿ ರೂ. 40 ಲಕ್ಷ. ಈ ವ್ಯತ್ಯಾಸವನ್ನು ಮರೆಯಬಾರದು.

ಹೊಲಿದ ಉಡುಪುಗಳ ವರ್ತಕರು ಇನ್ನೊಂದು ಗೆರೆಯನ್ನು ಗಮನದಲ್ಲಿಡಬೇಕು. ಒಂದು ಉಡುಪಿನ ಮಾರಾಟ ಮೌಲ್ಯ ರೂ. 2,500ರವರೆಗೆ ಇದ್ದರೆ ತೆರಿಗೆ ಶೇ. 5, ಅದನ್ನು ಮೀರಿದರೆ ಶೇ. 18. ಅಂದರೆ ರೂ. 2,500ರ ಉಡುಪು ತೆರಿಗೆ ಸೇರಿ ರೂ. 2,625ಕ್ಕೆ ಬಿದ್ದರೆ, ರೂ. 2,600ರದು ರೂ. 3,068ಕ್ಕೆ ಬೀಳುತ್ತದೆ. ಮೂಲಬೆಲೆಯಲ್ಲಿ ನೂರು ರೂಪಾಯಿ ಏರಿಸಿದ್ದಕ್ಕೆ ಗ್ರಾಹಕನು ರೂ. 443 ಹೆಚ್ಚು ತೆರಬೇಕಾಗುತ್ತದೆ. ಗೆರೆಯ ಆಸುಪಾಸಿನ ಬೆಲೆಗಳನ್ನು ನಿಗದಿ ಮಾಡುವಾಗ ಎಚ್ಚರ ಅವಶ್ಯ. ಹೊಲಿಯದ ಸೀರೆಗೆ ಈ ಗೆರೆ ಅನ್ವಯಿಸುವುದಿಲ್ಲ. ಗಾಜಿನ ಬಳೆ, ಕುಂಕುಮ, ಬಿಂದಿಗಳಿಗಂತೂ ತೆರಿಗೆಯೇ ಇಲ್ಲ.

ತಯಾರಕರ ಬಂಡವಾಳ ಸಿಲುಕುವ ಸ್ಥಳ

ಮಾರಾಟದ ದರ ಶೇ. 5ಕ್ಕೆ ಇಳಿದರೂ ಪ್ಲಾಸ್ಟಿಕ್ ಡಬ್ಬಿ, ಮುಚ್ಚಳ, ಜಾಹೀರಾತು ಮುಂತಾದವುಗಳ ಮೇಲಿನ ದರ ಶೇ. 18ರಲ್ಲಿಯೇ ಉಳಿದಿದೆ. ಖರೀದಿಯ ಮೇಲೆ ತೆತ್ತ ತೆರಿಗೆ ಮಾರಾಟದ ತೆರಿಗೆಗಿಂತ ಹೆಚ್ಚಾದಾಗ ಮಿಕ್ಕ ಮೊತ್ತವು ಜಮಾ ಖಾತೆಯಲ್ಲಿ ಸುಮ್ಮನೆ ಬೆಳೆಯುತ್ತಾ ಹೋಗುತ್ತದೆ. ಇದು ಲಾಭವಲ್ಲ, ಸಿಕ್ಕಿಬಿದ್ದ ಬಂಡವಾಳ.

ಒಬ್ಬ ತಯಾರಕರ ತಿಂಗಳ ಮಾರಾಟ ರೂ. 1,00,000 ಎಂದು ಭಾವಿಸೋಣ. ಮಾರಾಟದ ತೆರಿಗೆ ರೂ. 5,000. ಡಬ್ಬಿಗಳಿಗೆ ರೂ. 30,000 ಖರ್ಚಾಗಿ ಅದರ ತೆರಿಗೆ ರೂ. 5,400, ಕಚ್ಚಾ ವಸ್ತುವಿಗೆ ರೂ. 20,000 ಖರ್ಚಾಗಿ ಶೇ. 5ರಂತೆ ತೆರಿಗೆ ರೂ. 1,000, ಸೇವೆಗಳಿಗೆ ರೂ. 5,000 ಖರ್ಚಾಗಿ ತೆರಿಗೆ ರೂ. 900. ಒಟ್ಟು ಜಮೆ ರೂ. 7,300. ಮಾರಾಟದ ತೆರಿಗೆಗೆ ವಜಾ ಮಾಡಿದ ಮೇಲೆ ಉಳಿಯುವುದು ರೂ. 2,300. ಕೇಂದ್ರ ಜಿಎಸ್‌ಟಿ ಕಾಯಿದೆಯ 54(3)ನೇ ಪ್ರಕರಣದಂತೆ ಇದನ್ನು ಮರುಪಾವತಿ ಕೇಳಬಹುದು. ಆದರೆ ಸೇವೆಗಳ ಮೇಲಿನ ತೆರಿಗೆ ಮರುಪಾವತಿಗೆ ಅರ್ಹವಲ್ಲವೆಂದು ವಿಕೆಸಿ ಫುಟ್‌ಸ್ಟೆಪ್ಸ್ ಪ್ರಕರಣದಲ್ಲಿ 2021ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. 2022ರ ಜುಲೈನಲ್ಲಿ ತಿದ್ದುಪಡಿಯಾದ 89(5)ನೇ ನಿಯಮದ ಸೂತ್ರದಂತೆ ಈ ತಯಾರಕರಿಗೆ ಸಿಗುವುದು ಸುಮಾರು ರೂ. 2,016. ಒಂದು ವರ್ಷಕ್ಕೆ ಇದು ರೂ. 24,000 ದಾಟುತ್ತದೆ. ಅರ್ಜಿ ಸಲ್ಲಿಸಲು ಎರಡು ವರ್ಷಗಳ ಕಾಲಮಿತಿ ಇದೆ. ಮಿತಿ ಮೀರಿದ ಅವಧಿಯ ಮೊತ್ತಕ್ಕೆ ಮರುಪಾವತಿಯ ಹಕ್ಕು ಉಳಿಯುವುದಿಲ್ಲ.

ಕಾಂಪೋಸಿಷನ್ ಎಂದು ರೂಢಿಯಲ್ಲಿರುವ ರಾಜಿ ತೆರಿಗೆ ಪದ್ಧತಿಯಲ್ಲಿರುವವರ ಸ್ಥಿತಿ ಬೇರೆ. ರೂ. 1.5 ಕೋಟಿ ವಹಿವಾಟಿನವರೆಗೆ ಶೇ. 1 ತೆರಿಗೆಯ ಸರಳತೆ ಇದೆ. ಆದರೆ ಖರೀದಿಯ ತೆರಿಗೆಗೆ ಜಮೆಯಿಲ್ಲ, ಹೊರರಾಜ್ಯಕ್ಕೆ ಮಾರುವಂತಿಲ್ಲ. ನಂಜನಗೂಡಿನ ಸರಕು ಗುಂಡ್ಲುಪೇಟೆ ದಾಟಿದರೆ ಒಂದು ಕಡೆ ಕೇರಳ, ಇನ್ನೊಂದು ಕಡೆ ತಮಿಳುನಾಡು. ಆ ಹತ್ತಿರದ ಮಾರುಕಟ್ಟೆಯನ್ನು ಬಿಟ್ಟುಕೊಟ್ಟು ಗಳಿಸುವ ಸರಳತೆ ಲಾಭದಾಯಕವೇ ಎಂಬುದನ್ನು ಪ್ರತಿ ಆರ್ಥಿಕ ವರ್ಷದ ಆರಂಭದಲ್ಲಿ ತೂಗಿ ನೋಡಬೇಕು. ರಾಜ್ಯದೊಳಗಿನ ಮಾರಾಟವನ್ನು ಆನ್‌ಲೈನ್ ವೇದಿಕೆಗಳ ಮೂಲಕ ನಡೆಸಲು 2023ರ ಅಕ್ಟೋಬರ್ 1ರಿಂದ ಈ ಪದ್ಧತಿಯವರಿಗೂ ಅವಕಾಶವಿದೆ.

ಪೊಟ್ಟಣವೇ ಮಾರಾಟಗಾರ

ಸ್ತ್ರೀಶಕ್ತಿ ಗುಂಪುಗಳು ಮತ್ತು ಗೃಹೋದ್ಯಮಿಗಳು ತಯಾರಿಸುವ ಸಾಬೂನು, ಹಲ್ಲುಪುಡಿ, ಮುಖಲೇಪಗಳು ಒಳ್ಳೆಯ ಗುಣಮಟ್ಟದವಾದರೂ ಅಂಗಡಿಯ ಕಪಾಟಿಗೆ ಬರಲು ಎರಡು ಅಡ್ಡಿಗಳಿವೆ. ಮೊದಲನೆಯದು ಪರವಾನಗಿ. ಇಂತಹ ವಸ್ತುಗಳನ್ನು ಮಾರಾಟಕ್ಕಾಗಿ ತಯಾರಿಸಲು 1940ರ ಔಷಧ ಮತ್ತು ಕಾಂತಿವರ್ಧಕಗಳ ಕಾಯಿದೆಯಡಿ ಪರವಾನಗಿ ಅವಶ್ಯ. ಎರಡನೆಯದು ಪೊಟ್ಟಣದ ಮೇಲಿನ ವಿವರ. ತಯಾರಕರ ಹೆಸರು ಮತ್ತು ವಿಳಾಸ, ವಸ್ತುವಿನ ಹೆಸರು, ನಿವ್ವಳ ತೂಕ, ತಯಾರಾದ ತಿಂಗಳು ಮತ್ತು ವರ್ಷ, ತೆರಿಗೆ ಸೇರಿದ ಗರಿಷ್ಠ ಮಾರಾಟ ಬೆಲೆ, ದೂರು ಹೇಳಲು ದೂರವಾಣಿ ಸಂಖ್ಯೆ, ಇವನ್ನು 2011ರ ಕಾನೂನು ಮಾಪನ ನಿಯಮಗಳು ಕಡ್ಡಾಯಗೊಳಿಸಿವೆ. ಒಂದು ಗ್ರಾಮಿಗೆ ಅಥವಾ ಒಂದು ಮಿಲಿಲೀಟರಿಗೆ ಎಷ್ಟು ಬೆಲೆ ಎಂಬುದನ್ನೂ ಮುದ್ರಿಸಬೇಕೆಂಬ ನಿಯಮ ನಂತರ ಸೇರಿತು.

ಈ ಕೊನೆಯ ನಿಯಮವನ್ನು ಹೊರೆಯೆಂದು ಭಾವಿಸುವವರೇ ಹೆಚ್ಚು. ವಾಸ್ತವವಾಗಿ ಸ್ಥಳೀಯ ತಯಾರಕರ ಪಾಲಿಗೆ ಇದಕ್ಕಿಂತ ಅಗ್ಗದ ಜಾಹೀರಾತು ಬೇರೊಂದಿಲ್ಲ. ಆಕರ್ಷಕ ಡಬ್ಬಿಯಲ್ಲಿರುವ ದುಬಾರಿ ಸರಕಿನ ಗ್ರಾಂ ಬೆಲೆಯೂ ಸಾದಾ ಪೊಟ್ಟಣದಲ್ಲಿರುವ ಊರಿನ ಸರಕಿನ ಗ್ರಾಂ ಬೆಲೆಯೂ ಒಂದೇ ಕಪಾಟಿನಲ್ಲಿ ಅಕ್ಕಪಕ್ಕ ಕಾಣಿಸಿದಾಗ, ಗ್ರಾಹಕನಿಗೆ ಬೇರೆ ವಿವರಣೆ ಬೇಕಾಗುವುದಿಲ್ಲ.

ಮುಂದಿನ ಜಾತ್ರೆಯ ಹೊತ್ತಿಗೆ ನಂಜನಗೂಡು, ನರಸೀಪುರಗಳ ಅಂಗಡಿಗಳು ಈ ಸರಕುಗಳನ್ನು ಮುಂದಿನ ಸಾಲಿಗೆ ತಂದು, ದಿನದ ವೆಚ್ಚವನ್ನು ಬರೆದ ಚಿಕ್ಕ ಚೀಟಿಯೊಂದನ್ನು ಪಕ್ಕದಲ್ಲಿಡಬಹುದು. ತಯಾರಕರು ತಮ್ಮ ಜಮಾ ಖಾತೆಯನ್ನು ಒಮ್ಮೆ ತೆರೆದು ನೋಡಬಹುದು. ಎರಡಕ್ಕೂ ಹೆಚ್ಚಿನ ಬಂಡವಾಳ ಬೇಕಿಲ್ಲ. ಬತ್ತದ ಹೊಟ್ಟನ್ನೇ ಬಂಡವಾಳವಾಗಿ ಕಂಡ ಊರಿಗೆ ಈ ಲೆಕ್ಕ ಹೊಸದೇನೂ ಅಲ್ಲ.