ನೀರು ಹಾರಿ ಹೋಗ್ತದ, ಉಪ್ಪು ಉಳೀತದ!

ಮನೆಯೊಳಗೆ ಸಮುದ್ರ ಸಾಕುವವರಿಗೆ ಮೂಡಲಗಿ ಸವಳು ಭೂಮಿಯ ಪಾಠ

ಗೋಕಾಕ: ಈ ಊರಿನ ಕಟ್ಟಿಗೆಯ ಹಣ್ಣು ಹೆಸರುವಾಸಿ. ಬಣ್ಣ ಹಚ್ಚಿದ ಮಾವು, ಬಾಳೆ, ಸೀತಾಫಲ ತಂದು ಷೋಕೇಸಿನಲ್ಲಿಟ್ಟರೆ ಹತ್ತು ವರ್ಷ ಕಳೆದರೂ ಬಾಡುವುದಿಲ್ಲ. ಹಬ್ಬಕ್ಕೊಮ್ಮೆ ಧೂಳು ಒರೆಸಿದರೆ ಮುಗಿಯಿತು. ಅದೇ ಷೋಕೇಸಿನ ಜಾಗಕ್ಕೆ ಒಂದು ಗಾಜಿನ ಪೆಟ್ಟಿಗೆ ತಂದು, ಅದರಲ್ಲಿ ಉಪ್ಪುನೀರು ತುಂಬಿ, ಹವಳ ಮತ್ತು ಸಮುದ್ರದ ಬಣ್ಣದ ಮೀನು ಬಿಟ್ಟರೆ? ನೋಡಲು ಕಟ್ಟಿಗೆಯ ಹಣ್ಣಿಗಿಂತ ಚೆಂದ, ಸಂಶಯವಿಲ್ಲ. ಆದರೆ ಇದು ಅರ್ಧ ದಿನವೂ ಮರೆತು ಕೂರಲು ಬಿಡುವ ವಸ್ತುವಲ್ಲ.

ಮೊಬೈಲಿನಲ್ಲಿ ದಿನಬೆಳಗಾದರೆ ಇಂಥ ಚಿತ್ರ ಬರುತ್ತವೆ. ನೀಲಿ ಬೆಳಕು, ತೂಗಾಡುವ ಹವಳ, ಕಿತ್ತಳೆ ಮೈಗೆ ಬಿಳಿ ಪಟ್ಟೆಯ ಮೀನು. ಬಸ್ಸಿನಲ್ಲಿ ಕೂತು ನೋಡಿದವನಿಗೆ ಆಸೆ ಹುಟ್ಟುವುದು ಸಹಜ. ಪೆಟ್ಟಿಗೆಯ ಬೆಲೆ ಎಷ್ಟು ಎಂದು ಎಲ್ಲರೂ ಕೇಳುತ್ತಾರೆ. ಐದು ವರ್ಷ ಅದನ್ನು ಬದುಕಿಸಲು ಎಷ್ಟು ಬೇಕು ಎಂದು ಕೇಳುವವರು ಕಡಿಮೆ.

ಉತ್ತರ ತಿಳಿಯಲು ಸಮುದ್ರದ ದಂಡೆಗೆ ಹೋಗಬೇಕಾಗಿಲ್ಲ. ಗೋಕಾಕ, ಮೂಡಲಗಿ, ಹುಕ್ಕೇರಿ ಮೂರೂ ಊರುಗಳಲ್ಲಿ ಒಂದೊಂದು ಪಾಠ ಕಣ್ಣೆದುರಿಗೇ ಇದೆ.

ಸವಳು ಹೇಳುವ ಪಾಠ

ಮೊದಲ ಪಾಠ ಮೂಡಲಗಿಯದು. ಘಟಪ್ರಭಾ ಕಾಲುವೆಯ ನೀರು ಕಂಡ ರೈತನಿಗೆ ಸವಳು-ಜವಳು ಎಂದರೆ ಏನೆಂದು ಹೇಳಿಕೊಡಬೇಕಾಗಿಲ್ಲ. ಹೊಲಕ್ಕೆ ನೀರು ಹೆಚ್ಚಾಗಿ ಹಾಯಿಸಿದರೆ ಭೂಮಿಯೊಳಗಿನ ನೀರು ಮೇಲಕ್ಕೇರುತ್ತದೆ. ಬಿಸಿಲಿಗೆ ಆ ನೀರು ಆವಿಯಾಗಿ ಹೋಗುತ್ತದೆ. ನೀರಿನಲ್ಲಿದ್ದ ಉಪ್ಪು ಮಾತ್ರ ಹೋಗುವುದಿಲ್ಲ, ಮಣ್ಣಿನ ಮೇಲೆ ಬೆಳ್ಳಗೆ ಕೂರುತ್ತದೆ. ವರ್ಷಗಳು ಉರುಳಿದಂತೆ ಕಬ್ಬು ಬೆಳೆದ ನೆಲದಲ್ಲಿ ಹುಲ್ಲೂ ಏಳದಂತಾಗುತ್ತದೆ.

ಉಪ್ಪುನೀರಿನ ಪೆಟ್ಟಿಗೆಯಲ್ಲಿ ನಡೆಯುವುದೂ ಇದೇ. ಅಂಗಡಿಕಾರರು ಒಪ್ಪುವ ಹಾಗೆ ಲೆಕ್ಕ ಹಾಕೋಣ. ಸಮುದ್ರದ ನೀರಿನಲ್ಲಿ ಕಿಲೋಕ್ಕೆ ಸುಮಾರು 35 ಗ್ರಾಂ ಉಪ್ಪು ಇರುತ್ತದೆ. 100 ಲೀಟರಿನ ಪೆಟ್ಟಿಗೆಗೆ ಸುಮಾರು ಮೂರೂವರೆ ಕಿಲೋ ಆಯಿತು. ದಿನಕ್ಕೆ ಒಂದು ಲೀಟರ್ ನೀರು ಆವಿಯಾಗಿ ಹೋಯಿತು ಎಂದಿಟ್ಟುಕೊಳ್ಳಿ. ಕಡಿಮೆಯಾದ ನೀರನ್ನು ಉಪ್ಪುನೀರಿನಿಂದಲೇ ತುಂಬಿದರೆ ದಿನಕ್ಕೆ 35 ಗ್ರಾಂ ಹೊಸ ಉಪ್ಪು ಒಳಗೆ ಬೀಳುತ್ತದೆ. 30 ದಿನಕ್ಕೆ ಒಂದು ಕಿಲೋ ಮೇಲೆ 50 ಗ್ರಾಂ. ಮೂರೂವರೆ ಕಿಲೋ ಇದ್ದದ್ದು ನಾಲ್ಕೂವರೆ ಕಿಲೋ ದಾಟಿತು. ಒಂದೇ ತಿಂಗಳಲ್ಲಿ ಪೆಟ್ಟಿಗೆ ಸವಳು ಹಿಡಿಯಿತು. ಹವಳ ಸಾಯಲು ಇಷ್ಟು ಸಾಕು.

ಆದ್ದರಿಂದ ಆವಿಯಾದ ನೀರಿನ ಬದಲು ಸಿಹಿನೀರನ್ನೇ ಹಾಕಬೇಕು, ಅದೂ ದಿನಾ ಹಾಕಬೇಕು. ವಾರದ ಕೊನೆಗೆ ಒಮ್ಮೆಲೇ ಏಳು ಲೀಟರ್ ಸುರಿದರೆ ಏರಿದ ಉಪ್ಪು ಒಂದೇ ಗಳಿಗೆಯಲ್ಲಿ ಕುಸಿಯುತ್ತದೆ. ಆ ಪೆಟ್ಟು ಜೀವಿಗಳಿಗೆ ತಡೆಯುವುದಿಲ್ಲ.

ಸಿಹಿನೀರು ಎಂದರೆ ನಳದ ನೀರಲ್ಲ, ಬೋರಿನ ನೀರಂತೂ ಅಲ್ಲವೇ ಅಲ್ಲ. ಅವುಗಳಲ್ಲಿ ಕರಗಿದ ಲವಣಗಳೂ ನೀರು ಹಾರಿದ ಮೇಲೆ ಉಳಿದುಕೊಳ್ಳುತ್ತವೆ, ದಿನದಿಂದ ದಿನಕ್ಕೆ ಗಂಟು ಕಟ್ಟುತ್ತವೆ. ಆರ್‌ಓ ಯಂತ್ರದಲ್ಲಿ ಸೋಸಿದ ನೀರೇ ಬೇಕು. ಕುಡಿಯುವ ನೀರಿನ ಆರ್‌ಓದಲ್ಲಿ ರುಚಿಗಾಗಿ ಸ್ವಲ್ಪ ಲವಣ ಉಳಿಸುವುದುಂಟು. ಟಿಡಿಎಸ್ ಮೀಟರ್ ಹಿಡಿದು, ಅಂಕಿ ಸೊನ್ನೆಯ ಹತ್ತಿರ ಬಂದರೆ ಮಾತ್ರ ಆ ನೀರು ಬಳಸಬೇಕು.

ಅಡುಗೆ ಉಪ್ಪು ನಡೆಯದು

"ಉಪ್ಪೇನ್ ದೊಡ್ಡ ಮಾತ್ರಿ, ಅಂಗಡ್ಯಾಗ ಚೀಲಗಟ್ಲೆ ಐತಿ" ಎಂದು ಕಿರಾಣಿ ಅಂಗಡಿಯವರು ನಗಬಹುದು. ಆ ಉಪ್ಪು ಸಾರಿಗೆ ಸರಿ, ಇಲ್ಲಿಗೆ ನಡೆಯದು. ಅಡುಗೆ ಉಪ್ಪು ಎಂದರೆ ಸೋಡಿಯಂ ಮತ್ತು ಕ್ಲೋರಿನ್ ಅಷ್ಟೇ. ಸಮುದ್ರದ ನೀರಿನಲ್ಲಿ ಇವುಗಳ ಜೊತೆಗೆ ಮೆಗ್ನೀಸಿಯಂ, ಕ್ಯಾಲ್ಸಿಯಂ, ಪೊಟ್ಯಾಸಿಯಂ, ಗಂಧಕದ ಲವಣ ಎಲ್ಲವೂ ಲೆಕ್ಕ ಹಿಡಿದಂತೆ ಬೆರೆತಿರುತ್ತವೆ. ಇದಕ್ಕೆಂದೇ ತಯಾರಿಸಿದ ಸಮುದ್ರ ಉಪ್ಪಿನ ಪುಡಿ ಸಿಗುತ್ತದೆ. ಅದನ್ನೇ ತರಬೇಕು.

ಒಮ್ಮೆ ತಂದರೆ ಮುಗಿಯಲಿಲ್ಲ. ವಾರಕ್ಕೆ ಹತ್ತು ಲೀಟರ್ ಹಳೆ ನೀರು ತೆಗೆದು ಅಷ್ಟೇ ಹೊಸ ಉಪ್ಪುನೀರು ಹಾಕುವುದು ಸಾಮಾನ್ಯ ಪದ್ಧತಿ. ವಾರಕ್ಕೆ 350 ಗ್ರಾಂ ಉಪ್ಪು, ವರ್ಷಕ್ಕೆ 18 ಕಿಲೋ, ಐದು ವರ್ಷಕ್ಕೆ 91 ಕಿಲೋ! ಮೊದಲ ದಿನದ ಮೂರೂವರೆ ಕಿಲೋ ಇದರ ಮುಂದೆ ಯಾವ ಲೆಕ್ಕ? ಪೆಟ್ಟಿಗೆ ಕೊಂಡದ್ದು ಬರೀ ಮುಂಗಡ, ಕಂತು ಆಮೇಲೆ ಶುರುವಾಗುತ್ತದೆ.

ಹಾಲಿಗೆ ಹೆಪ್ಪು

ಪೆಟ್ಟಿಗೆ ತಂದ ದಿನವೇ ಮೀನು ಬಿಟ್ಟು ಮರುದಿನ ಸತ್ತ ಮೀನು ಎತ್ತುವುದು ಹೊಸಬರ ಮೊದಲ ತಪ್ಪು. ಮೀನಿನ ಮಲ ಮತ್ತು ಉಳಿದ ಆಹಾರದಿಂದ ಅಮೋನಿಯಾ ಹುಟ್ಟುತ್ತದೆ. ಅದು ಮೀನಿಗೆ ವಿಷ. ಒಂದು ಜಾತಿಯ ಸೂಕ್ಷ್ಮಾಣು ಅದನ್ನು ನೈಟ್ರೈಟ್ ಮಾಡುತ್ತದೆ, ಅದೂ ವಿಷವೇ. ಇನ್ನೊಂದು ಜಾತಿ ಅದನ್ನು ನೈಟ್ರೇಟ್ ಮಾಡಿದ ಮೇಲೆ ಅಪಾಯ ಇಳಿಯುತ್ತದೆ. ಈ ಸೂಕ್ಷ್ಮಾಣುಗಳು ಕಲ್ಲು, ಮರಳಿನಲ್ಲಿ ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ಹಾಲಿಗೆ ಹೆಪ್ಪು ಹಾಕಿದ ಹಾಗೆ. ಅವಸರ ಮಾಡಿ ಅಲ್ಲಾಡಿಸಿದರೆ ಮೊಸರಾಗುವುದಿಲ್ಲ.

ಮನೆಯ ಪೆಟ್ಟಿಗೆಯಲ್ಲಿ ಹವಳ ಬದುಕೀತು ಎಂದು ಲೋಕಕ್ಕೆ ಮೊದಲೇ ತೋರಿಸಿದವರಲ್ಲಿ ಇಂಡೋನೇಷ್ಯಾದ ಲೀ ಚಿನ್ ಎಂಗ್ ಒಬ್ಬರು. ಸಮುದ್ರದಿಂದ ಜೀವಂತ ಸೂಕ್ಷ್ಮಾಣುಗಳಿದ್ದ ಕಲ್ಲು ತಂದಿಟ್ಟು, ಗಾಳಿಯ ಗುಳ್ಳೆ ಬಿಟ್ಟು, ಬಿಸಿಲಿನ ಬೆಳಕು ಕೊಟ್ಟ ತಮ್ಮ ವಿಧಾನವನ್ನು ಅವರು 1961ರಲ್ಲಿ ಬರೆದು ಪ್ರಕಟಿಸಿದರು. ಅವರಿಗೆ ಸಮುದ್ರ ಹತ್ತಿರವಿತ್ತು. ಗೋಕಾಕದವರಿಗೆ ಇಲ್ಲ. ಘಟಪ್ರಭೆ ಕೂಡ ಹತ್ತಿರದ ಅರಬ್ಬಿ ಸಮುದ್ರಕ್ಕೆ ಬೆನ್ನು ಹಾಕಿ, ಮೂಡಣಕ್ಕೆ ಹರಿದು, ಕೃಷ್ಣೆ ಸೇರಿ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಇಲ್ಲಿ ಸಮುದ್ರದ ಕೆಲಸವೆಲ್ಲ ಮನುಷ್ಯನೇ ಮಾಡಬೇಕು.

ಫಾಲ್ಸ್ ಮಾಡುವ ಕೆಲಸ ಪಂಪು ಮಾಡಬೇಕು

ಎರಡನೆಯ ಪಾಠ ಗೋಕಾಕ ಫಾಲ್ಸಿನದು. 52 ಮೀಟರ್ ಎತ್ತರದಿಂದ ಬೀಳುವ ನೀರು ನೊರೆಯಾಗಿ ಗಾಳಿಯನ್ನು ಒಳಗೆಳೆದುಕೊಳ್ಳುತ್ತದೆ. ಅಲೆಗಳೂ ಸಮುದ್ರದಲ್ಲಿ ಇದೇ ಕೆಲಸ ಮಾಡುತ್ತವೆ. ಪೆಟ್ಟಿಗೆಯಲ್ಲಿ ಅದನ್ನು ಮಾಡುವುದು ಪಂಪು. ನೀರು ನಿಂತರೆ ಪ್ರಾಣವಾಯು ಇಳಿಯುತ್ತದೆ, ಕೆಲವು ಗಂಟೆಗಳಲ್ಲಿ ಮೀನು ಮೇಲೆ ಬಂದು ಬಾಯಿ ಬಿಡುತ್ತವೆ.

ಪಂಪು ತಿರುಗಬೇಕಾದರೆ ಕರೆಂಟು ಬೇಕು. ಮೂರನೆಯ ಪಾಠ ಇದೇ, ಇದು ಹುಕ್ಕೇರಿಯದು. ಜನರೇ ಸಂಘ ಕಟ್ಟಿಕೊಂಡು ಕರೆಂಟು ಹಂಚುವ ಊರದು. ಅಲ್ಲಿನ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ 1969ರಲ್ಲಿ ಹುಟ್ಟಿತು. ಕರೆಂಟು ಎಂದರೆ ಬರೀ ಸ್ವಿಚ್ಚಲ್ಲ, ಅದರ ಹಿಂದೆ ಯಾರದೋ ದಿನನಿತ್ಯದ ದುಡಿಮೆ ಇರುತ್ತದೆ ಎಂಬುದು ಆ ಊರಿಗೆ ಗೊತ್ತು. ಆದರೂ ಕರೆಂಟು ಹೋಗುವ ಹೊತ್ತು ಹೋಗಿಯೇ ಹೋಗುತ್ತದೆ, ಯಾವ ಊರಾದರೇನು?

ಪೆಟ್ಟಿಗೆ ಇಟ್ಟವರು ಮೊದಲೇ ತಯಾರಿರಬೇಕು. ಬ್ಯಾಟರಿಯ ಗಾಳಿ ಪಂಪು ಒಂದು ಇರಲಿ. ಅಂಗಡಿಯ ಇನ್ವರ್ಟರಿಗೆ ಪಂಪನ್ನು ಮೊದಲು ಜೋಡಿಸಿ, ದೀಪ ಆಮೇಲೆ. ಕತ್ತಲಲ್ಲಿ ಹವಳ ಒಂದೆರಡು ದಿನ ತಡೆದೀತು, ಗಾಳಿಯಿಲ್ಲದೆ ಮೀನು ತಡೆಯವು. ಏನೂ ಇಲ್ಲದಿದ್ದರೆ ತಂಬಿಗೆಯಿಂದ ನೀರು ಎತ್ತಿ ಎತ್ತಿ ಮತ್ತೆ ಅದರಲ್ಲೇ ಸುರಿಯುತ್ತಿರಬೇಕು. ಮೀನಿಗೆ ಆ ಹೊತ್ತು ಆಹಾರ ಹಾಕಬಾರದು. 2019ರ ಆಗಸ್ಟಿನಲ್ಲಿ ಘಟಪ್ರಭೆ ಉಕ್ಕಿ ಗೋಕಾಕದ ತಗ್ಗಿನ ಓಣಿಗಳಿಗೆ ನುಗ್ಗಿದ್ದನ್ನು ಯಾರೂ ಮರೆತಿಲ್ಲ. ಮನೆ ಮಂದಿಯನ್ನೇ ಎತ್ತಿ ಒಯ್ಯಬೇಕಾದ ದಿನ, ನೀರೊಂದೇ ನೂರು ಕಿಲೋ ದಾಟುವ ಗಾಜಿನ ಪೆಟ್ಟಿಗೆ ಎತ್ತುವವರು ಯಾರು? ತಗ್ಗಿನ ಮನೆಯವರು ಇದನ್ನು ಕೊಳ್ಳುವ ಮೊದಲೇ ಯೋಚಿಸಬೇಕು.

ಹವಳ ಕಲ್ಲಲ್ಲ, ಜೀವ

ಉಂಗುರದ ಹವಳ ನೋಡಿದವರಿಗೆ ಹವಳ ಎಂದರೆ ಹರಳು. ನಿಜದಲ್ಲಿ ಅದು ಜೀವಿಯೊಂದು ಕಟ್ಟಿಕೊಂಡ ಮನೆ. ದಿಬ್ಬ ಕಟ್ಟುವ ಹವಳಗಳ ಮೈಯೊಳಗೆ ಸಣ್ಣ ಪಾಚಿ ಬಿಡಾರ ಹೂಡಿರುತ್ತದೆ. ಪಾಚಿ ಬೆಳಕಿನಿಂದ ಆಹಾರ ಮಾಡಿ ಹವಳಕ್ಕೆ ಕೊಡುತ್ತದೆ, ಹವಳ ಅದಕ್ಕೆ ಜಾಗ ಕೊಡುತ್ತದೆ. ಬಾಡಿಗೆದಾರ ಮತ್ತು ಮಾಲಿಕನ ಸಂಬಂಧ. ನೀರಿನ ಬಿಸಿ 25ರಿಂದ 27 ಡಿಗ್ರಿ ಇದ್ದರೆ ಇಬ್ಬರಿಗೂ ಸುಖ. 30 ದಾಟಿ ದಿನಗಟ್ಟಲೆ ನಿಂತರೆ ಹವಳ ಪಾಚಿಯನ್ನು ಹೊರಹಾಕಿ ಬಿಳಿಚಿಕೊಳ್ಳುತ್ತದೆ. 1998ರಲ್ಲಿ ಸಮುದ್ರ ಬಿಸಿಯಾಗಿ ಲಕ್ಷದ್ವೀಪ ಸೇರಿ ಜಗತ್ತಿನ ಹಲವು ಕಡೆ ಹವಳಗಳು ಹೀಗೇ ಬಿಳಿಚಿ ಸತ್ತವು.

ಸಮುದ್ರಕ್ಕೇ ಆ ಗತಿಯಾದರೆ ನಮ್ಮ ಕಡೆಯ ಮೇ ತಿಂಗಳಲ್ಲಿ ಪೆಟ್ಟಿಗೆಯ ಗತಿ ಏನು? ನೀರಿನ ಮೇಲೆ ಫ್ಯಾನು ಹಚ್ಚಿದರೆ ಎರಡು ಮೂರು ಡಿಗ್ರಿ ಇಳಿಯುತ್ತದೆ. ಆದರೆ ಫ್ಯಾನಿನ ಗಾಳಿಗೆ ನೀರು ಇನ್ನೂ ಬೇಗ ಹಾರುತ್ತದೆ. ಮತ್ತೆ ಅದೇ ಸವಳಿನ ಲೆಕ್ಕ! ತಣಿಸುವ ಯಂತ್ರ ಇಡುವವರಿಗೆ ಕರೆಂಟು ಬಿಲ್ಲಿನ ಲೆಕ್ಕ.

ಹವಳ ಬೆಳೆಯಲು ಸುಣ್ಣದ ಅಂಶ ಬೇಕು. ಕ್ಯಾಲ್ಸಿಯಂ ಲೀಟರಿಗೆ 400ರಿಂದ 450 ಮಿಲಿಗ್ರಾಂ ಇರಬೇಕು. ಹವಳ ದಿನವೂ ಅದನ್ನು ಹೀರುತ್ತದೆ, ವಾರಕ್ಕೊಮ್ಮೆ ಪರೀಕ್ಷೆ ಮಾಡಿ ತುಂಬಿಕೊಡಬೇಕು. ಮೂರು ನಾಲ್ಕು ವರ್ಷಕ್ಕೆ ಪಂಪಿನ ಒಳಗೂ ಸುಣ್ಣ ಕಟ್ಟುತ್ತದೆ, ದೀಪ ಮಂಕಾಗುತ್ತದೆ, ಮರಳಿನ ಅಡಿ ಕೊಳೆ ಕೂರುತ್ತದೆ. ದೊಡ್ಡದಾದ ಹವಳ ಪಕ್ಕದ ಹವಳವನ್ನು ಕುಟುಕಿ ಜಾಗಕ್ಕೆ ಜಗಳ ತೆಗೆಯುತ್ತದೆ. ಹೊಸ ಪೆಟ್ಟಿಗೆ ಕೆಡುವುದು ಅವಸರದಿಂದ, ಹಳೆ ಪೆಟ್ಟಿಗೆ ಕೆಡುವುದು ಉದಾಸೀನದಿಂದ.

ಕಾಯ್ದೆ ಗೊತ್ತಿರಲಿ

"ಮುರ್ಡೇಶ್ವರಕ್ಕ ಹೋದಾಗ ನಾಕ್ ಹವಳ ತಂದ್ರ ಆತು" ಎನ್ನುವವರು ಎಚ್ಚರ ವಹಿಸಬೇಕು. ಮುರ್ಡೇಶ್ವರದ ಎದುರಿನ ನೇತ್ರಾಣಿ ದ್ವೀಪದ ಸುತ್ತ ಹವಳ ಇರುವುದು ನಿಜ. ಆದರೆ ಕಲ್ಲು ಹವಳಗಳನ್ನು 2001ರಲ್ಲೇ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಗೆ ಸೇರಿಸಲಾಗಿದೆ. ಹುಲಿ ಇರುವ ಪಟ್ಟಿ ಅದು. ಕೀಳುವುದು, ಮಾರುವುದು, ಇಟ್ಟುಕೊಳ್ಳುವುದು ಎಲ್ಲವೂ ಅಪರಾಧ. ಶಿಕ್ಷೆ 3ರಿಂದ 7 ವರ್ಷ ಜೈಲು. ಹೊರದೇಶದ ಹವಳ ಎಂದು ಮಾರುವವರ ಬಳಿ ಆಮದಿನ ಕಾಗದಪತ್ರ ಕೇಳಬೇಕು. ಕಾಗದ ತೋರಿಸದವನ ಮಾಲು ಮುಟ್ಟದಿರುವುದೇ ಕ್ಷೇಮ.

ಪಟ್ಟೆ ಮೀನಿಗೆ ಈ ತೊಂದರೆಯಿಲ್ಲ. ಕ್ಲೌನ್ ಮೀನಿನ ಮರಿಗಳನ್ನು ತೊಟ್ಟಿಯಲ್ಲೇ ಮಾಡಿಸುವ ವಿಧಾನವನ್ನು ನಮ್ಮ ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆ ಸಾಧಿಸಿ ತೋರಿಸಿದೆ. ಸಮುದ್ರದಿಂದ ಹಿಡಿದ ಮೀನಿಗಿಂತ ತೊಟ್ಟಿಯಲ್ಲಿ ಹುಟ್ಟಿದ ಮೀನು ಪೆಟ್ಟಿಗೆಗೆ ಬೇಗ ಒಗ್ಗುತ್ತದೆ. ಚೆನ್ನಾಗಿ ನೋಡಿಕೊಂಡರೆ ಹತ್ತು ವರ್ಷ ದಾಟಿ ಬದುಕುತ್ತದೆ.

ಜಾತ್ರೆಗೆ ಹೋದರೆ ಯಾರು ನೋಡಬೇಕು?

ಹತ್ತು ವರ್ಷ! ಅಷ್ಟರಲ್ಲಿ ಎಷ್ಟು ಮದುವೆ, ಎಷ್ಟು ಸಾರಿ ಸವದತ್ತಿ ಯಲ್ಲಮ್ಮನ ಗುಡ್ಡ? ಮನೆ ಮಂದಿಯೆಲ್ಲ ನಾಲ್ಕು ದಿನ ಹೊರಟರೆ ಪೆಟ್ಟಿಗೆಗೆ ಯಾರು ಗತಿ? ಪಕ್ಕದ ಮನೆಯ ಹುಡುಗನಿಗೆ ಹೇಳಿ ಹೋಗುವುದು ವಾಡಿಕೆ. ಅವನು ಪ್ರೀತಿಯಿಂದ ಮುಷ್ಟಿ ತುಂಬ ಆಹಾರ ಹಾಕುತ್ತಾನೆ. ಅದು ಕೊಳೆತು ಅಮೋನಿಯಾ ಏರಿ ಮೀನು ಸಾಯುತ್ತವೆ.

ಇದಕ್ಕೆ ಉಪಾಯ ಕಿರಾಣಿ ಅಂಗಡಿಯಲ್ಲೇ ಇದೆ. ದಿನಕ್ಕೊಂದರಂತೆ ಆಹಾರದ ಪುಡಿಕೆ ಕಟ್ಟಿ, ಮೇಲೆ ವಾರದ ಹೆಸರು ಬರೆದಿಡಬೇಕು. ನೀರು ಎಲ್ಲಿಯವರೆಗೆ ಇರಬೇಕೆಂದು ಗಾಜಿನ ಮೇಲೆ ಗೆರೆ ಎಳೆದು, ಪಕ್ಕದಲ್ಲಿ ಆರ್‌ಓ ನೀರಿನ ಕ್ಯಾನು ಇಟ್ಟು, "ಗೆರೀಗೆ ಮುಟ್ಟೂ ತನಕ ಹಾಕಪ್ಪ, ಹೆಚ್ಚಿಗಿ ಬ್ಯಾಡ" ಎಂದು ಹೇಳಿದರೆ ಸಾಕು.

ಕೊನೆಗೊಂದು ಮಾತು. ವಾರಕ್ಕೊಮ್ಮೆ ತೆಗೆದ ಹಳೆ ಉಪ್ಪುನೀರನ್ನು ತುಳಸಿ ಕಟ್ಟೆಗೋ ಹಿತ್ತಲಿನ ತೆಂಗಿನ ಬುಡಕ್ಕೋ ಸುರಿಯಬಾರದು. ಐದು ವರ್ಷಕ್ಕೆ ತೊಂಬತ್ತು ಕಿಲೋ ಉಪ್ಪು ಹಿತ್ತಲಿಗೆ ಬಿದ್ದರೆ ಮನೆಯಲ್ಲೇ ಒಂದು ಸವಳು ಭೂಮಿ ತಯಾರು. ಬೇಸರ ಬಂತೆಂದು ಮೀನನ್ನು ಘಟಪ್ರಭೆಗೆ ಬಿಡುವುದೂ ಧರ್ಮವಲ್ಲ, ಸಮುದ್ರದ ಮೀನು ಸಿಹಿನೀರಿನಲ್ಲಿ ಬದುಕದು.

ದಿನಕ್ಕೆ ಹದಿನೈದು ನಿಮಿಷ, ವಾರಕ್ಕೊಂದು ಬಕೀಟು, ಐದು ವರ್ಷಕ್ಕೆ ಒಂದು ಕ್ವಿಂಟಲ್ ಹತ್ತಿರ ಉಪ್ಪು. ಇಷ್ಟಕ್ಕೆ ಮನಸ್ಸು ಒಪ್ಪಿದರೆ ಧಾರಾಳವಾಗಿ ಪೆಟ್ಟಿಗೆ ತರಬಹುದು, ಬೆಳಿಗ್ಗೆ ಅಂಗಡಿಯ ಕದ ತೆಗೆಯುವಷ್ಟೇ ಸಲೀಸಾಗಿ ಕೆಲಸ ರೂಢಿಯಾಗುತ್ತದೆ. ಒಪ್ಪದಿದ್ದರೆ ಗೋಕಾಕದ ಕಟ್ಟಿಗೆಯ ಹಣ್ಣು ಇದ್ದೇ ಇದೆ. ಅದು ಯಾರ ಮೇಲೂ ಸಿಟ್ಟಾಗುವುದಿಲ್ಲ, ಸಾಯುವುದೂ ಇಲ್ಲ.